ತುಕ್ಕಿನ ಮೇಲೆ ಪುಟ್ಟಿ

ಅಪ್ಪ ಓಡಿಸುತ್ತಿದ್ದ 1984ರ ಪ್ರೀಮಿಯರ್ ಪದ್ಮಿನಿ ಕಾರು. ಹೋದ ಬೇಸಿಗೆಯಲ್ಲಿ ಚಿಕ್ಕಮಗಳೂರಿನ ಒಂದು ಗ್ಯಾರೇಜಿನಲ್ಲಿ ಟಿಂಕರಿಂಗ್, ಪೇಂಟ್ ಎಲ್ಲಾ ಮಾಡಿಸಿದೆ. ಒಂದು ಮಳೆಗಾಲವೂ ತಾಳಲಿಲ್ಲ. ಡೋರಿನ ಕೆಳಗೆ ಪೇಂಟ್ ಗುಳ್ಳೆ ಎದ್ದಿದೆ. ಉಗುರಿನಿಂದ ಕೆರೆದರೆ ಪೇಂಟಿನ ಅಡಿಗೆ ಮೆತ್ತುವ ಪುಟ್ಟಿ ಹಪ್ಪಳದ ಹಾಗೆ ಕಳಚಿ ಬಂತು. ಒಳಗೆ ಕಾಫಿಪುಡಿ ಬಣ್ಣದ ತುಕ್ಕು!

ಕೊಳೆತ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿ ಅಂತ ಬಾಯಿಬಿಟ್ಟು ಹೇಳಿದ್ದೆ. ಸುಮ್ನೆ ಮೇಲೆ ಮೆತ್ತಿದ್ದಾರೆ. ಪುಟ್ಟಿ ನೀರು ಹೀರುತ್ತೆ, ಅಡಿಯಲ್ಲಿ ತುಕ್ಕು ತಿನ್ನುತ್ತಲೇ ಇರುತ್ತೆ, ಅವರಿಗೆ ಗೊತ್ತಿಲ್ವಾ?

ಡೋರಿನ ಅಡಿಯಲ್ಲಿ ನೀರು ಇಳಿದುಹೋಗುವ ತೂತುಗಳನ್ನೂ ಮುಚ್ಚಿಬಿಟ್ಟಿದ್ದಾರೆ. ಅದಕ್ಕೇ ಜಾಸ್ತಿ ಹೊಟ್ಟೆ ಉರಿಯುತ್ತಿದೆ. ಗ್ಲಾಸಿನ ಪಕ್ಕದಿಂದ ಒಳಗಿಳಿದ ಮಲೆನಾಡಿನ ಮಳೆನೀರು ಇನ್ನೆಲ್ಲಿಗೆ ಹೋಗಬೇಕು? ಪದ್ಮಿನಿ ಡೋರು ಈಗ ಸುಲಭಕ್ಕೆ ಸಿಗಲ್ಲ. ಇರುವುದನ್ನೂ ಹೀಗೆ ಕೊಳೆಸಿದರೆ ಹೇಗೆ?