ಬೆಣೆ ದೋಸೆ

ನನ್ನ ತಮ್ಮ ನಾಗರಭಾವಿಯಲ್ಲಿ ಒಂದು ದರ್ಶಿನಿ ತೆರೆದ. ಬಾಡಿಗೆ, ಅಡ್ವಾನ್ಸು, ಗ್ಯಾಸು, ಭಟ್ಟರು ಎಲ್ಲವನ್ನೂ ಅವನೇ ನೋಡಿಕೊಂಡ. ಬೋರ್ಡು ಮಾತ್ರ ನಾನು ಮಾಡಿಕೊಡ್ತೀನಿ ಅಂದೆ. ಯಾರೂ ಕೇಳಿರಲಿಲ್ಲ. ಆಫೀಸಿನಲ್ಲಿ ನಾಲ್ಕು ಬೀಳ್ಕೊಡುಗೆ ಕಾರ್ಡು ಡಿಸೈನ್ ಮಾಡಿದ್ದೆ. ನನ್ನ ಧೈರ್ಯಕ್ಕೆ ಅಷ್ಟು ಸಾಕಾಗಿತ್ತು.

ಅಕ್ಷರ ದಪ್ಪಗಿರಬೇಕು ಅಂತ ಮೊದಲೇ ತೀರ್ಮಾನಿಸಿದ್ದೆ. ಬಿಎಂಟಿಸಿ ಬಸ್ಸಿನ ಕಿಟಕಿಯಿಂದ ನೋಡಿದವರಿಗೂ ಹಸಿವಾಗಬೇಕು. ಇಂಗ್ಲಿಷಿಗೆ ಕೂಪರ್ ಬ್ಲ್ಯಾಕ್ ಅನ್ನೋ ಫಾಂಟು ಹಿಡಿದೆ. ಎಣ್ಣೆಯಲ್ಲಿ ಉಬ್ಬಿದ ಪೂರಿಯಂಥ ಅಕ್ಷರ. 1922ರಲ್ಲಿ ಶಿಕಾಗೊದ ಆಸ್ವಾಲ್ಡ್ ಕೂಪರ್ ಮಾಡಿದ್ದು. ದೂರದೃಷ್ಟಿಯ ಮುದ್ರಕರಿಗೆ, ದೂರದ್ದು ಕಾಣದ ಗಿರಾಕಿಗಳಿಗೆ ಅಂತ ಆತನೇ ಅದನ್ನು ತಮಾಷೆ ಮಾಡಿದ್ದನಂತೆ. ಕನ್ನಡಕ್ಕೆ ಬಾಲೂ ತಮ್ಮ. ಏಕ್ ಟೈಪ್‌ನವರು ಮಾಡಿದ ಫಾಂಟು, ಪುಕ್ಕಟೆ ಬೇರೆ. ಇದಕ್ಕೆ ಒಂದೊಂದು ಲಿಪಿಯಲ್ಲೂ ಒಂದೊಂದು ಹೆಸರು. ತಮಿಳಿನಲ್ಲಿ ತಂಬಿ, ತೆಲುಗಿನಲ್ಲಿ ತಮ್ಮುಡು, ಮಲಯಾಳದಲ್ಲಿ ಚೇಟ್ಟನ್, ಗುರುಮುಖಿಯಲ್ಲಿ ಪಾಜಿ. ಅಣ್ಣತಮ್ಮಂದಿರೆಲ್ಲ ಚೆನ್ನಾಗಿ ಉಂಡು ಬೆಳೆದವರ ಹಾಗೆ ಗುಂಡುಗುಂಡಗಿದ್ದಾರೆ. ತಮ್ಮನ ಹೋಟೆಲಿಗೆ ತಮ್ಮನೇ ಸಿಕ್ಕಿದ ಅಂತ ಖುಷಿಯಾಯಿತು.

ಅಲ್ಲಿಗೆ ಕೈ ತೆಗೆಯಬೇಕಿತ್ತು. ಫಾಂಟು ಮಾಡಿದವರು ಎಷ್ಟು ದಪ್ಪ ಬೇಕೋ ಅಷ್ಟೇ ಇಟ್ಟಿರುತ್ತಾರೆ ಅಂತ ನನಗೆ ಹೊಳೆಯಲಿಲ್ಲ. ಕೆಂಪು ಅಕ್ಷರಕ್ಕೆ ಕೆಂಪು ಔಟ್‌ಲೈನ್ ಕೊಟ್ಟೆ. ಇನ್ನಷ್ಟು ಕೊಟ್ಟೆ. ಅದರ ಹಿಂದೆ ಒಂದು ನೆರಳು. ಅಮ್ಮ ನೋಡಿ, "ಅಕ್ಷರಕ್ಕೆ ಬಾವು ಬಂದಂಗಿದೆಯಲ್ಲೇ" ಅಂದಳು. ಅಮ್ಮನಿಗೆ ಡಿಸೈನ್ ಅರ್ಥವಾಗಲ್ಲ ಅಂದುಕೊಂಡೆ.

ಬೋರ್ಡು 12 ಅಡಿ ಉದ್ದ, 2 ಅಡಿ ಎತ್ತರ. ಅಂಗಡಿ ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು, ಅದೂ ಮೇಲಿನ ಭಾಗದಲ್ಲಿರಬೇಕು ಅಂತ 2024ರಲ್ಲಿ ಕಾನೂನಾಯಿತಲ್ಲ. ಇರೋ ಜಾಗದಲ್ಲೇ ಕನ್ನಡ ದೊಡ್ಡದಾಗಬೇಕು. ಹಿಗ್ಗಿಸಿದೆ. ಹಿಗ್ಗಿಸಿದಷ್ಟೂ ಒತ್ತಕ್ಷರಗಳು ಕೆಳಗೆ ಜೋತುಬಿದ್ದವು. ಇಂಗ್ಲಿಷಿನ ದೊಡ್ಡಕ್ಷರಗಳು ಗೆರೆಯ ಮೇಲೆ ಕಾಲು ಮಡಿಚಿ ಕೂರುತ್ತವೆ. ನಮ್ಮವಕ್ಕೆ ಕಾಲು ಇಳಿಬಿಡಲು ಜಾಗ ಬೇಕು. ನಾನು 30-40 ಸೈಟಿನಲ್ಲಿ ಒಂದಿಂಚೂ ಬಿಡದೆ ಮನೆ ಕಟ್ಟುವವರ ಹಾಗೆ, ಇಂಗ್ಲಿಷ್ ಸಾಲಿದ್ದ ಹಳದಿ ಪಟ್ಟಿಯನ್ನು ಮೇಲಕ್ಕೆ ತಳ್ಳಿ ತಳ್ಳಿ ಅಂಟಿಸಿದೆ. ಆಗ ರಾತ್ರಿ ಹನ್ನೆರಡು. ಓದಿ ನೋಡಿದೆ, ಸರಿಯಾಗೇ ಇತ್ತು. ಬರೆದವಳಿಗೆ ಯಾವಾಗಲೂ ಸರಿಯಾಗೇ ಕಾಣುತ್ತದೆ.

ಸುಲ್ತಾನ್‌ಪೇಟೆಯ ಪ್ರಿಂಟಿಂಗ್ ಅಂಗಡಿಯ ಹುಡುಗ, "ಮೇಡಂ, ಕರ್ವ್ ಮಾಡ್ಕೊಂಡ್ ಬನ್ನಿ, ಇಲ್ಲಾಂದ್ರೆ ಕನ್ನಡ ಒಡೆದೋಗತ್ತೆ" ಅಂದಿದ್ದ. ಅಂದರೆ ಅಕ್ಷರವನ್ನು ಚಿತ್ರ ಮಾಡಿಬಿಡೋದು. ಆಮೇಲೆ ಒಂದು ಕೊಂಬನ್ನೂ ಟೈಪ್ ಮಾಡಿ ತಿದ್ದೋಕಾಗಲ್ಲ. ಮಾಡಿಕೊಂಡು ಹೋಗಿದ್ದೆ.

ಗಣಹೋಮದ ದಿನ ಬೆಳಗ್ಗೆ ಬೋರ್ಡು ಮೇಲೇರಿತು. ನಾನು ರಸ್ತೆಯಾಚೆ ನಿಂತು ಫೋಟೊ ತೆಗೆಯುತ್ತಿದ್ದೆ. "ದಾವಣಗೆರೆ ಸ್ಪೆಷಲ್ ಬೆಣ್ಣೆ ದೋಸೆ, ತಟ್ಟೆ ಇಡ್ಲಿ" ಅಂತ ಇರಬೇಕಿತ್ತು. ಹಳದಿ ಪಟ್ಟಿ ಒತ್ತಕ್ಷರಗಳನ್ನೆಲ್ಲ ನುಂಗಿತ್ತು. ಷ ಅಕ್ಷರದ ಹೊಟ್ಟೆಯೊಳಗಿನ ಗೆರೆಯನ್ನು ನನ್ನ ಔಟ್‌ಲೈನೇ ಮುಚ್ಚಿಹಾಕಿತ್ತು. ಹಾಗಾಗಿ ನಾಗರಭಾವಿಯ ಜನಕ್ಕೆ ಕಂಡದ್ದು ಇಷ್ಟು:

ದಾವಣಗೆರೆ ಸೆಪಲ್ ಬೆಣೆ ದೋಸೆ, ತಟೆ ಇಡಿ.

ದಾವಣಗೆರೆ ಒಂದು ಬಚಾವಾಗಿತ್ತು, ಪುಣ್ಯಕ್ಕೆ ಆ ಊರಿಗೆ ಒತ್ತಕ್ಷರವಿಲ್ಲ.

ಪಕ್ಕದ ಅಂಗಡಿಯ ಮರಗೆಲಸದವರು ಮೊದಲು ಬಂದರು. "ಬೆಣೆ ಹೊಡೆಯೋದು ನಮ್ ಕಸುಬು, ನೀವು ದೋಸೆಗೇ ಹೊಡೀತೀರಾ?" ಅಂದರು. ವಾಕಿಂಗ್ ಮುಗಿಸಿ ಬಂದ ಹಿರಿಯರೊಬ್ಬರು ಬೋರ್ಡನ್ನೂ ಹೋಮದ ಹೊಗೆಯನ್ನೂ ನೋಡಿ, "ಇಡಿಯವರು ಮೊದಲನೇ ದಿನವೇ ಬಂದುಬಿಟ್ರಾ?" ಅಂತ ಕೇಳಿದರು. ಸೆಪಲ್ ಅಂದ್ರೆ ಯಾವ ತಿಂಡಿ ಅಂತ ಮೂವರು ವಿಚಾರಿಸಿದರು. ಒಬ್ಬ ಹುಡುಗ ಎರಡು ಪ್ಲೇಟ್ ಸೆಪಲ್ ಆರ್ಡರ್ ಮಾಡೇಬಿಟ್ಟ. ಭಟ್ಟರು ಒಂದು ಕ್ಷಣ ನನ್ನ ಮುಖ ನೋಡಿ, ಸುಮ್ನೆ ದೋಸೆ ಹಾಕಿಕೊಟ್ಟರು.

ತಮ್ಮ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು. ತಮ್ಮನ ಒತ್ತು ತೆಗೆದರೆ ತಮ, ಅಂದರೆ ಕತ್ತಲು. ಅವನ ಮುಖವೂ ಹಾಗೇ ಇತ್ತು.

ಹೊಸ ಬೋರ್ಡಿಗೆ ದುಡ್ಡಿರಲಿಲ್ಲ. ಮಾರನೇ ದಿನ ಗೋಡೆ ಬರಹದ ಪೇಂಟರ್ ಒಬ್ಬರನ್ನು ಕರೆಸಿದ. ಅವರು ಏಣಿ ಹತ್ತಿ, ಅಳತೆ ಗಿಳತೆ ಇಲ್ಲದೆ, ಹಳದಿ ಪಟ್ಟಿಯ ಮೇಲೆಯೇ ಕೆಂಪು ಬಣ್ಣದಲ್ಲಿ ನಾಲ್ಕು ಒತ್ತಕ್ಷರ ಬರೆದರು. ಈಗ ಣ ಒತ್ತು ಇಂಗ್ಲಿಷಿನ ಓ ತಲೆಗೆ ಮೈಸೂರು ಪೇಟದ ಹಾಗೆ ಕೂತಿದೆ. ಆಮೇಲೆ ಬಿಳಿ ಬಣ್ಣದಲ್ಲಿ ಷ ಹೊಟ್ಟೆಗೊಂದು ಗೆರೆ ಎಳೆದು ಇಳಿದರು. ಲೆಕ್ಕ ಕೇಳಿದರೆ, "ನಾಕು ಒತ್ತಿಗೆ ಎಂಟ್ನೂರು. ಗೆರೆ ಫ್ರೀ" ಅಂದರಂತೆ.

ಸಂಜೆ ತಮ್ಮನ ವಾಟ್ಸ್‌ಆ್ಯಪ್ ಮೆಸೇಜು ಬಂತು. "ಅಕ, ಪೇಂಟರ್ ದುಡು ನೀನೇ ಕೊಡು."