ಗಡಿಯಾಚೆಯ ಬೆಣ್ಣೆ

ಕೆನಡಾದ ಪೌರತ್ವದ ಪ್ರಮಾಣವಚನ ಸ್ವೀಕರಿಸಿ, ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಮೇಲಿನ ಮೊದಲ ಶನಿವಾರ ನಾವು ಗಂಡ ಹೆಂಡಿರು ಮಾಡಿದ ಕೆಲಸವೆಂದರೆ ಬೆಣ್ಣೆ ಕೊಳ್ಳಲು ಅಮೆರಿಕಕ್ಕೆ ಹೋದದ್ದು. ಎರಡನೆಯ ಎಲಿಜಬೆತ್ ರಾಣಿಗೆ ನಿಷ್ಠನಾಗಿರುತ್ತೇನೆಂದು ಆಣೆಯಿಟ್ಟ ನಾಲಿಗೆಯ ಪಸೆ ಆರುವ ಮೊದಲೇ, ಆ ರಾಣಿಯ ತಾಯಿಯ ಹೆಸರನ್ನು ಹೊತ್ತ ಕ್ವೀನ್ ಎಲಿಜಬೆತ್ ವೇ ಹೆದ್ದಾರಿಯನ್ನೇ ಹಿಡಿದು ಪರದೇಶದ ಸಂತೆಗೆ ಹೊರಟೆವು. ಭಾರತದ ಪಾಸ್‌ಪೋರ್ಟ್ ಇದ್ದಷ್ಟು ವರ್ಷ ಅಮೆರಿಕಕ್ಕೆ ಕಾಲಿಡಲು ವೀಸಾ ಬೇಕಾಗಿತ್ತು. ಅದಕ್ಕಾಗಿ ಅರ್ಜಿ ಹಾಕಿ ಸಂದರ್ಶನಕ್ಕೆ ನಿಂತು ಬೆಣ್ಣೆ ತರುವಷ್ಟು ಹುರುಪು ನಮಗಿರಲಿಲ್ಲ. ಹೀಗಾಗಿ ಪಕ್ಕದ ಮನೆಯವರು ಸೋಮವಾರ ಬೆಳಿಗ್ಗೆ ಬೇಲಿಯ ಮೇಲೊರಗಿ ಹೇಳುತ್ತಿದ್ದ ಗಡಿಯಾಚೆಯ ಬೆಲೆಗಳನ್ನು ಕೇಳಿ ಹೊಟ್ಟೆ ಉರಿಸಿಕೊಳ್ಳುವುದಷ್ಟೇ ಅಲ್ಲಿಯವರೆಗೆ ನಮ್ಮ ಪಾಲಾಗಿತ್ತು.

ನಮ್ಮ ಒಂಟಾರಿಯೋ ಪ್ರಾಂತ್ಯದ ಮಿಸ್ಸಿಸಾಗದಿಂದ ಹ್ಯಾಮಿಲ್ಟನ್ ದಾಟಿ, ವೆಲ್ಯಾಂಡ್ ಕಾಲುವೆಯ ಮೇಲಿನ ಎತ್ತರದ ಸೇತುವೆಯನ್ನು ಹಾದು, ಫೋರ್ಟ್ ಈರಿಯಲ್ಲಿ 1927ರಲ್ಲಿ ತೆರೆದ ಪೀಸ್ ಬ್ರಿಜ್ ಏರಿದರೆ, ಒಂದೂವರೆ ಗಂಟೆಯ ಹಾದಿಯ ಕೊನೆಗೆ ಬಫಲೋ ನಗರ. ಬೆಣ್ಣೆಗಾಗಿ ಎಮ್ಮೆಯ ಹೆಸರಿನ ಊರಿಗೆ ಹೋಗುವುದು ಕನ್ನಡಿಗನ ಮಟ್ಟಿಗೆ ತೀರ ಸಹಜವಾದ ಸಂಗತಿ. ಕೆನಡಾದ ಭೂಪಟ ಎಷ್ಟೇ ಅಗಲವಾಗಿದ್ದರೂ ಅಲ್ಲಿನ ಜನರಲ್ಲಿ ಬಹುಪಾಲು ಮಂದಿ ದಕ್ಷಿಣದ ಅಂಚಿಗೇ ಅಂಟಿಕೊಂಡು ಬದುಕುತ್ತಾರೆ. ಚಳಿಗೆ ಹೆದರಿ ಒಲೆಯ ಹತ್ತಿರ ಕುಳಿತವರಂತೆ. ವಿಂಡ್ಸರ್ ಊರಿನವರಿಗೆ ನದಿಯಾಚೆಯೇ ಡೆಟ್ರಾಯಿಟ್. ಮಾಂಟ್ರಿಯಲ್‌ನವರಿಗೆ ಪ್ಲಾಟ್ಸ್‌ಬರ್ಗ್. ಆಲ್ಬರ್ಟಾದ ದಕ್ಷಿಣದವರಿಗೆ ಮಾರಾಟ ತೆರಿಗೆಯೇ ಇಲ್ಲದ ಮೊಂಟಾನಾ. ವ್ಯಾಂಕೂವರಿನವರಿಗೆ ಬ್ಲೇನ್ ಮತ್ತು ಬೆಲ್ಲಿಂಗ್‌ಹ್ಯಾಮ್.

ವ್ಯಾಂಕೂವರಿನ ದಕ್ಷಿಣಕ್ಕೆ ಪಾಯಿಂಟ್ ರಾಬರ್ಟ್ಸ್ ಎಂಬ ಒಂದು ವಿಚಿತ್ರವಾದ ತುಂಡುನೆಲವಿದೆ. ಭೂಪಟದ ಮೇಲೆ 49ನೆಯ ಅಕ್ಷಾಂಶದ ಗೆರೆಯನ್ನು ನೇರವಾಗಿ ಎಳೆದವರಿಗೆ, ಕೆನಡಾದ ಕಡೆಯಿಂದ ಕೆಳಗಿಳಿದಿರುವ ಒಂದು ಪುಟ್ಟ ಭೂಶಿರದ ತುದಿಯನ್ನು ಆ ಗೆರೆ ಕತ್ತರಿಸುತ್ತದೆಂಬ ಯೋಚನೆ ಬಂದಂತಿಲ್ಲ. ತುದಿ ಅಮೆರಿಕಕ್ಕೆ ಸೇರಿತು, ಬುಡ ಕೆನಡಾದಲ್ಲೇ ಉಳಿಯಿತು. ಅಲ್ಲಿಯ ಅಮೆರಿಕನ್ನರು ತಮ್ಮದೇ ದೇಶದ ಮುಖ್ಯಭೂಮಿಗೆ ರಸ್ತೆಯಲ್ಲಿ ಹೋಗಬೇಕಾದರೆ ಕೆನಡಾವನ್ನು ಹೊಕ್ಕು ಹೊರಬರಬೇಕು. ಅಮೆರಿಕದ ಉಳಿದೆಡೆ ಗ್ಯಾಲನ್ ಲೆಕ್ಕದಲ್ಲಿ ಮಾರುವ ಪೆಟ್ರೋಲನ್ನು ಈ ಊರಿನ ಬಂಕುಗಳು ಲೀಟರ್ ಲೆಕ್ಕದಲ್ಲಿ ಮಾರುತ್ತವೆ, ಏಕೆಂದರೆ ಕೊಳ್ಳುವವರು ಹೆಚ್ಚಾಗಿ ಕೆನಡಾದವರು. ಊರು ಚಿಕ್ಕದಾದರೂ ಅಲ್ಲಿ ಪಾರ್ಸೆಲ್ ಸ್ವೀಕರಿಸಿ ಇಟ್ಟುಕೊಳ್ಳುವ ಅಂಗಡಿಗಳಿಗೆ ಕೊರತೆಯಿಲ್ಲ. ಅಮೆರಿಕದ ವಿಳಾಸಕ್ಕೆ ಮಾತ್ರ ಸಾಮಾನು ಕಳಿಸುವ ವರ್ತಕರಿಂದ ತರಿಸಿಕೊಂಡ ಪೆಟ್ಟಿಗೆಗಳನ್ನು ವ್ಯಾಂಕೂವರಿನವರು ವಾರಕ್ಕೊಮ್ಮೆ ಬಂದು ಎತ್ತಿಕೊಂಡು ಹೋಗುತ್ತಾರೆ. ನೆರೆಮನೆಯ ಗಿರಾಕಿಯನ್ನು ನಂಬಿ ಅಳತೆಯ ಮಾನವನ್ನೇ ಬದಲಿಸಿಕೊಂಡ ಊರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೆಣ್ಣೆಯ ಮಾತಿಗೆ ಮರಳುತ್ತೇನೆ. ಕೆನಡಾದಲ್ಲಿ ಹಾಲು, ಮೊಟ್ಟೆ, ಕೋಳಿ ಈ ಮೂರೂ ಪೂರೈಕೆ ನಿಯಂತ್ರಣವೆಂಬ ವ್ಯವಸ್ಥೆಯ ಕೆಳಗೆ ಬರುತ್ತವೆ. ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಉತ್ಪಾದನೆಯಾಗುವಂತೆ ರೈತರಿಗೆ ಕೋಟಾ ಹಂಚಿ, ಉತ್ಪಾದನೆಯ ಖರ್ಚನ್ನು ನೋಡಿಕೊಂಡು ಬೆಲೆ ಕಟ್ಟುವ ಈ ಪದ್ಧತಿ 1970ರ ದಶಕದ ಮೊದಲ ವರ್ಷಗಳಲ್ಲಿ ಬೇರುಬಿಟ್ಟಿತು. ಹೊರಗಿನ ಮಾಲು ನುಗ್ಗಿ ಲೆಕ್ಕವನ್ನು ಕೆಡಿಸಬಾರದೆಂದು ನಿಗದಿತ ಪ್ರಮಾಣವನ್ನು ಮೀರಿದ ಆಮದಿನ ಮೇಲೆ ಹೇರಿರುವ ಸುಂಕವು ಬೆಣ್ಣೆಗೆ ಶೇ. 298.5, ಚೀಸ್‌ಗೆ ಶೇ. 245.5. ಈ ಅಂಕಿಗಳನ್ನು ಮೊದಲ ಸಲ ಓದಿದಾಗ ದಶಮಾಂಶದ ಚುಕ್ಕಿ ಜಾರಿರಬೇಕೆಂದು ತಿಳಿದಿದ್ದೆ. ಆದರೆ ಬೆಳಗಾಗೆದ್ದು ಡೈರಿಗೆ ಹಾಲು ಹಾಕುವ ಮನೆಯಲ್ಲಿ ಹುಟ್ಟಿದ ನನಗೆ, ಹಾಲು ಕರೆಯುವವನ ಖರ್ಚನ್ನು ನೋಡಿ ಬೆಲೆ ನಿರ್ಧರಿಸುವ ಸರ್ಕಾರದಲ್ಲಿ ತಪ್ಪು ಹುಡುಕುವುದು ಕಷ್ಟ. ವ್ಯವಸ್ಥೆ ನ್ಯಾಯವಾದದ್ದೆಂದು ಊಟದ ಮೇಜಿನಲ್ಲಿ ವಾದಿಸಿದ್ದೇನೆ, ವಾದ ಮುಗಿದ ಮೇಲೆ ಐಸ್ ಪೆಟ್ಟಿಗೆಯನ್ನು ಕಾರಿಗೆ ಹೇರಿ ಬಫಲೋಗೆ ಹೊರಟಿದ್ದೇನೆ. ಗಡಿ ದಾಟಿ ಕೊಳ್ಳುವ ಕೆನಡಾದವರಲ್ಲಿ ಬಹಳಷ್ಟು ಜನರ ಸ್ಥಿತಿ ಇದೇ ಎಂದು ನನ್ನ ಅನುಮಾನ. ತಮ್ಮ ದೇಶದ ಆಸ್ಪತ್ರೆ, ಶಾಲೆ, ಕಾಯಿದೆಗಳ ಬಗ್ಗೆ ಅವರಿಗೆ ಹೆಮ್ಮೆಯಿದೆ. ಅದಕ್ಕೆ ತಗಲುವ ಖರ್ಚನ್ನು ವಾರಾಂತ್ಯದಲ್ಲೂ ಕೊಡಬೇಕೆಂದರೆ ಮಾತ್ರ ಮುಖ ಸಣ್ಣದಾಗುತ್ತದೆ.

ಇಂಥ ಭಾರೀ ಸುಂಕವಿಲ್ಲದ ಸಾಮಾನಿನ ಕಥೆ ಬೇರೆ. ಒಂದೇ ಕಾರ್ಖಾನೆಯ ಒಂದೇ ಟೈರು ಗಡಿಯ ಈಚೆ ಒಂದು ಬೆಲೆ, ಆಚೆ ಇನ್ನೊಂದು ಬೆಲೆ. ಪುಸ್ತಕಗಳ ಬೆನ್ನಿನ ಮೇಲಂತೂ ಎರಡು ದೇಶಗಳ ಎರಡು ಬೆಲೆಗಳು ಒಂದರ ಕೆಳಗೊಂದು ಅಚ್ಚಾಗಿರುತ್ತವೆ. 2002ರ ಜನವರಿಯಲ್ಲಿ 62 ಅಮೆರಿಕನ್ ಸೆಂಟಿಗೆ ಇಳಿದಿದ್ದ ಕೆನಡಾ ಡಾಲರು, ಜನರ ಬಾಯಲ್ಲಿ ಲೂನಿ, 2007ರ ಸೆಪ್ಟೆಂಬರಿನಲ್ಲಿ ಅಮೆರಿಕದ ಡಾಲರಿಗೆ ಸರಿಸಮವಾದಾಗ ಓದುಗರು ಆ ಎರಡು ಅಂಕಿಗಳನ್ನು ತೋರಿಸಿ ಪುಸ್ತಕದ ಅಂಗಡಿಯವರೊಂದಿಗೆ ಜಗಳಕ್ಕೆ ನಿಂತರು. ಈ ಅಂತರದ ಕಾರಣ ಹುಡುಕಲು ಕೂತ ಕೆನಡಾದ ಸೆನೆಟ್ ಸಮಿತಿಯೊಂದು 2013ರಲ್ಲಿ ವರದಿ ಕೊಟ್ಟಿತು: ಸುಂಕ, ಚಿಕ್ಕ ಮಾರುಕಟ್ಟೆ, ಇಂಧನದ ವೆಚ್ಚ, ಜೊತೆಗೆ ಕೆನಡಾದವರು ಹೆಚ್ಚು ಕೊಡುತ್ತಾರೆಂದು ತಿಳಿದು ಹೆಚ್ಚು ಕೇಳುವ ಕಂಪನಿಗಳ ಧೋರಣೆ. ಕೊನೆಯದನ್ನು ಯಾವ ಗೃಹಿಣಿಯಾದರೂ ಸಮಿತಿಯಿಲ್ಲದೆ ಹೇಳುತ್ತಿದ್ದಳು.

ಹಳಬರು ನೆನೆಯುವುದು 1991ನ್ನು. ಆ ವರ್ಷದ ಮೊದಲ ದಿನವೇ ಶೇ. 7ರ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂತು. ಲೂನಿ ಬಲವಾಗಿತ್ತು. ಒಂಟಾರಿಯೋದಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿಕೊಂಡಿರಬೇಕೆಂಬ ಕಾಯಿದೆ 1992ರ ತನಕ ಇತ್ತು. ಚರ್ಚಿನಿಂದ ಹೊರಬಿದ್ದವರು ನೇರವಾಗಿ ಸೇತುವೆಯ ಕಡೆ ತಿರುಗಿದರು. 1991ರಲ್ಲಿ ಹೋದ ದಿನವೇ ಮರಳಿ ಬಂದ ಕಾರು ಪ್ರಯಾಣಗಳು 5 ಕೋಟಿಗೂ ಮೀರಿದವು. ದೇಶದ ಜನಸಂಖ್ಯೆಯೇ ಆಗ 3 ಕೋಟಿಯ ಒಳಗಿತ್ತು.

ಹೋಗುವುದು ಸುಲಭ, ಬರುವುದರಲ್ಲೇ ಇರುವುದು ಸ್ವಾರಸ್ಯ. 24 ಗಂಟೆಗಿಂತ ಕಡಿಮೆ ಹೊತ್ತು ಹೊರಗಿದ್ದು ಬಂದವರಿಗೆ ಕೊಂಡು ತಂದ ಸಾಮಾನಿನ ಸುಂಕ, ತೆರಿಗೆಗಳಲ್ಲಿ ಯಾವ ವಿನಾಯಿತಿಯೂ ಇಲ್ಲ. 24 ಗಂಟೆ ಕಳೆದರೆ 200 ಡಾಲರ್, 48 ಗಂಟೆ ಕಳೆದರೆ 800 ಡಾಲರ್. ಹಾಗಾಗಿ ಗಡಿಯ ಮೋಟೆಲುಗಳಲ್ಲಿ ನಿದ್ದೆಗಾಗಿ ತಂಗುವವರಷ್ಟೇ ಗಡಿಯಾರಕ್ಕಾಗಿ ತಂಗುವವರೂ ಇರುತ್ತಾರೆ. ಹೊಸ ಬೂಟು ಮೆಟ್ಟಿ, ಹಳೆಯದನ್ನು ಶಾಪಿಂಗ್ ಮಾಲಿನ ಕಸದ ಡಬ್ಬಿಗೆ ಎಸೆದು, ಬೆಲೆಯ ಚೀಟಿಗಳನ್ನು ಕಿತ್ತು, ಮುಖದಲ್ಲಿ ವೈರಾಗ್ಯ ತುಂಬಿಕೊಂಡು ಬರುವವರುಂಟು. ಮೈಮೇಲಿದ್ದರೂ ಹೊಸದು ಹೊಸದೇ ಎನ್ನುತ್ತದೆ ಕಾಯಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಭಯದಿಂದ ನಾವು ಎಲ್ಲವನ್ನೂ ಹೇಳಿಬಿಡುವ ಪೈಕಿ. ಹೈನು ಪದಾರ್ಥಗಳ ಮಿತಿ ತಲೆಗೆ 20 ಡಾಲರ್. ತಲೆ ಹೆಚ್ಚಿದಷ್ಟೂ ಬೆಣ್ಣೆ ಹೆಚ್ಚು. ಊರಿನಿಂದ ಬಂದಿದ್ದ ನನ್ನ ಅತ್ತೆಯವರ ಬಳಿ ಅಮೆರಿಕದ ಹತ್ತು ವರ್ಷದ ವೀಸಾ ಇದೆಯೆಂದು ತಿಳಿದ ದಿನ ಮನೆಯಲ್ಲಿ ಅವರ ಮೇಲಿನ ಗೌರವ ಇಮ್ಮಡಿಯಾಯಿತು. ಇಷ್ಟೊಂದು ಬೆಣ್ಣೆ ಏಕೆಂದು ಕೇಳಿದ ಅಧಿಕಾರಿಗೆ ತುಪ್ಪ ಕಾಯಿಸುವ ವಿಧಾನವನ್ನು ನನ್ನ ಹೆಂಡತಿ ಮೊದಲಿನಿಂದ ವಿವರಿಸತೊಡಗಿದಳು. ಹಿಂದೆ ಕಾರುಗಳ ಸಾಲು ಬೆಳೆಯುತ್ತಿತ್ತು. ನುಗ್ಗೆಸೊಪ್ಪು ಹಾಕುವ ಹಂತಕ್ಕೆ ಬರುವಷ್ಟರಲ್ಲಿ ಆತ ಕೈಬೀಸಿ ಹೋಗಿರೆಂದ.

ಪೆಟ್ರೋಲು, ಸೇತುವೆಯ ಸುಂಕ, ವಿನಿಮಯ ದರ, ಆಚೆ ಹೋದದ್ದಕ್ಕೊಂದು ಊಟ ಇವೆಲ್ಲವನ್ನೂ ಕೂಡಿಸಿದರೆ ಆ ತುಪ್ಪ ನಮಗೆ ಅಗ್ಗವಾಗಿ ಬಿದ್ದದ್ದು ಎರಡು ಸಲವೋ ಮೂರು ಸಲವೋ. ಬೆಲೆಯೊಂದೇ ಸೆಳೆತವಾಗಿದ್ದರೆ ಟಾರ್ಗೆಟ್ ಕಂಪನಿ ಸೋಲಬಾರದಿತ್ತು. ಗಡಿಯಾಚೆಯ ತನ್ನ ಮಳಿಗೆಗಳಿಗೆ ಮುಗಿಬೀಳುವ ಕೆನಡಾದವರನ್ನು ಕಂಡು ಅದು 2013ರಲ್ಲಿ ತಾನೇ ಈಚೆಗೆ ಬಂದು 133 ಮಳಿಗೆಗಳನ್ನು ತೆರೆಯಿತು; 2015ರ ಜನವರಿಯಲ್ಲಿ ಎಲ್ಲವನ್ನೂ ಮುಚ್ಚುವುದಾಗಿ ಸಾರಿತು. ಕಪಾಟುಗಳು ಖಾಲಿಯಿದ್ದವು, ಬೆಲೆಗಳು ಆಚೆಯಂತಿರಲಿಲ್ಲ ಎಂಬುದು ನಿಜ. ಆದರೆ ಸೇತುವೆ ದಾಟದೆ ಸಿಗುವ ಟಾರ್ಗೆಟ್‌ನಲ್ಲಿ ಹಿತ್ತಲ ಗಿಡದ ವಾಸನೆಯೂ ಇತ್ತೆಂದು ನನಗನ್ನಿಸುತ್ತದೆ.

2025ರಲ್ಲಿ ಅಮೆರಿಕದ ಅಧ್ಯಕ್ಷರು ಕೆನಡಾವನ್ನು 51ನೆಯ ರಾಜ್ಯವೆಂದು ಕರೆದು ಸುಂಕ ಹೇರಿದಾಗ ಈ ಹಳೆಯ ಚಟ ಥಟ್ಟನೆ ಮುರಿಯಿತು. ಒಂಟಾರಿಯೋದ ಸರ್ಕಾರಿ ಮದ್ಯದಂಗಡಿಗಳು ಮಾರ್ಚಿನಲ್ಲಿ ಅಮೆರಿಕದ ಬಾಟಲಿಗಳನ್ನು ಕಪಾಟಿನಿಂದ ಇಳಿಸಿದವು. ಲೀಟರ್ ಲೆಕ್ಕದಲ್ಲಿ ಪೆಟ್ರೋಲು ಮಾರುವ ಪಾಯಿಂಟ್ ರಾಬರ್ಟ್ಸ್‌ನ ಬಂಕುಗಳು ಗಿರಾಕಿಗಳಿಗಾಗಿ ಕಾಯತೊಡಗಿದವು. ಬೇಲಿಯ ಮೇಲೊರಗಿ ಬೆಲೆ ಹೇಳುತ್ತಿದ್ದ ಪಕ್ಕದ ಮನೆಯವರು ಈಗ ಸಾಮಾನಿನ ಪೊಟ್ಟಣ ತಿರುಗಿಸಿ ಮೇಪಲ್ ಎಲೆಯ ಗುರುತನ್ನು ಹುಡುಕುತ್ತಾರೆ.

ನಮ್ಮ ಐಸ್ ಪೆಟ್ಟಿಗೆ ಗ್ಯಾರೇಜಿನಲ್ಲಿದೆ, ಅದರೊಳಗೆ ಈರುಳ್ಳಿ ತುಂಬಿಟ್ಟಿದ್ದೇವೆ. ಕಳೆದ ವಾರ ಒಂಟಾರಿಯೋದ್ದೇ ಬೆಣ್ಣೆ ತಂದು ತುಪ್ಪ ಕಾಯಿಸಿದೆವು. ಪರಿಮಳದಲ್ಲಿ ಕೂದಲೆಳೆಯ ವ್ಯತ್ಯಾಸವೂ ಕಾಣಲಿಲ್ಲ. ಹೆಂಡತಿ ಅಂಗಡಿಯ ರಸೀದಿಯನ್ನು ಎರಡು ಸಲ ಓದಿ, ಮಡಿಸಿ, ನನ್ನ ತಟ್ಟೆಗೆ ಎಂದಿಗಿಂತ ಅರ್ಧ ಚಮಚ ಕಡಿಮೆ ಬಡಿಸಿದಳು.