‘ನಿಮ್ಮ ಪ್ರಮುಖ ಸಾಧನೆ’ ಎಂಬ ಕಾಲಂ

ಎರಡು ತಿಂಗಳಿಂದ ನನ್ನ ಮೇಜಿನ ಮೇಲೆ ಒಂದು ಕಡತವಿದೆ. 1998ರಿಂದ 2000ದವರೆಗೆ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ ಒಂದೇ ತರಗತಿಯಲ್ಲಿ ಎಂ.ಎ. ಓದಿದ ನಾವು, ನಾನೂ ಸೇರಿ 42 ಮಂದಿ, ಇಪ್ಪತ್ತೈದು ವರ್ಷ ತುಂಬಿದ ನೆಪದಲ್ಲಿ ಮೈಸೂರಿನಲ್ಲಿ ಒಂದು ದಿನ ಕೂಡಬೇಕೆಂದೂ, ಆ ದಿನಕ್ಕೆ ಒಂದು ಸ್ಮರಣ ಸಂಚಿಕೆ ತರಬೇಕೆಂದೂ ವಾಟ್ಸಾಪ್ ಗುಂಪಿನಲ್ಲಿ ತೀರ್ಮಾನವಾಯಿತು. ಬರೆಯುವ ಚಟವಿದೆ ಎಂಬ ಒಂದೇ ಕಾರಣಕ್ಕೆ ಸಂಚಿಕೆಯ ಹೊಣೆ ನನ್ನ ತಲೆಗೆ ಬಂತು. ಗೆಳೆಯರೊಬ್ಬರು ಉತ್ಸಾಹದಿಂದ ಗೂಗಲ್ ಫಾರಂ ಒಂದನ್ನು ಸಿದ್ಧಪಡಿಸಿಯೂ ಕೊಟ್ಟರು. ಹೆಸರು, ಈಗಿನ ಹುದ್ದೆ, ಸಂಸ್ಥೆ, ಪಡೆದ ಪ್ರಶಸ್ತಿಗಳು, ಕೈಗೊಂಡ ವಿದೇಶ ಪ್ರವಾಸಗಳು, ಸಂಗಾತಿಯ ಹೆಸರು ಮತ್ತು ಉದ್ಯೋಗ, ಮಕ್ಕಳ ಓದು, ಕಟ್ಟಕಡೆಗೆ ‘ನಿಮ್ಮ ಪ್ರಮುಖ ಸಾಧನೆ’. ಮೊದಲ ವಾರದಲ್ಲಿ 13 ಮಂದಿ ತುಂಬಿ ಕಳಿಸಿದರು. ಅವರಲ್ಲಿ ಹೆಚ್ಚಿನವರು ಸರ್ಕಾರಿ ಕಾಲೇಜಿನ ಪ್ರಾಧ್ಯಾಪಕರು, ಅಧಿಕಾರಿಗಳು ಮತ್ತು ಬ್ಯಾಂಕಿನವರು. ಉಳಿದವರು ಗುಂಪಿನಲ್ಲಿ ದಿನವೂ ಶುಭೋದಯ ಹೇಳುತ್ತಿದ್ದರೇ ಹೊರತು ಫಾರಂ ಬಗ್ಗೆ ಮಾತೆತ್ತಲಿಲ್ಲ.

ಸುಮ್ಮನಿದ್ದವರಲ್ಲಿ ನಮ್ಮ ತರಗತಿಗೆ ಮೊದಲ ರ‍್ಯಾಂಕ್ ಬಂದು, ಘಟಿಕೋತ್ಸವದಲ್ಲಿ ಚಿನ್ನದ ಪದಕ ಪಡೆದ ಗೆಳೆಯನೂ ಇದ್ದ. ಮರೆತಿರಬಹುದೆಂದು ಒಂದು ಸಂಜೆ ಫೋನ್ ಮಾಡಿದೆ. ಅವನು ಮರೆತಿರಲಿಲ್ಲ. “ಅದರಲ್ಲಿ ನಾನೇನು ಬರೀಲಿ ಹೇಳು ಮಾರಾಯ. ಹುದ್ದೆ ಅಂತ ಕೇಳಿದ್ದೀರಿ. ನನ್ನದು ಹುದ್ದೆ ಅಲ್ಲ, ವರ್ಷವರ್ಷ ಹೊಸದಾಗಿ ಅರ್ಜಿ ಹಾಕಿ ಪಡೆಯೋ ಕೆಲಸ” ಎಂದ. ಅವನು ಹತ್ತೊಂಬತ್ತು ವರ್ಷಗಳಿಂದ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹೀಗೆ ಗೌರವಧನಕ್ಕೆ ಪಾಠ ಮಾಡುವವರ ಸಂಖ್ಯೆ 10,000 ದಾಟುತ್ತದೆ ಎಂಬುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಆದರೆ ಅವರಲ್ಲೊಬ್ಬ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತು ನನಗೆ ನೋಟ್ಸ್ ಕೊಟ್ಟವನೆಂಬುದು, ನಾನೇ ಹಂಚಿದ ಫಾರಂ ಅವನ ಬಾಯಿ ಕಟ್ಟಿಹಾಕಿದ ಮೇಲೆ ನನಗೆ ತಟ್ಟಿತು. ಪಿಯುಸಿ ಮಟ್ಟದಲ್ಲಿಯೇ ಓದು ಬಿಡಲಿದ್ದ ಎಷ್ಟೋ ಮಕ್ಕಳನ್ನು ಹಿಡಿದು ಪದವಿಯವರೆಗೆ ತಂದ ಈ ಮನುಷ್ಯನಿಗೆ ನಾವು ಕೊಟ್ಟ ಏಳೆಂಟು ಕಾಲಂಗಳಲ್ಲಿ ಹೆಸರಿನ ಕಾಲಂ ಒಂದನ್ನು ಬಿಟ್ಟರೆ ತುಂಬಲು ಯಾವುದೂ ಇರಲಿಲ್ಲ.

ಈ ಕಾಲಂಗಳು ಎಲ್ಲಿಂದ ಬಂದವು? ಗೆಳೆಯರು ಅವನ್ನು ತಾವಾಗಿ ಕಲ್ಪಿಸಿದವರಲ್ಲ. ಕಾಲೇಜುಗಳಲ್ಲಿ ಕೆಲಸ ಮಾಡುವವರಿಗೆ ಈ ಪಟ್ಟಿ ಬಾಯಿಪಾಠವಾಗಿದೆ. 1994ರಲ್ಲಿ ಆರಂಭವಾದ, ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ, ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಾಂಕನದಲ್ಲಿ ಐದನೆಯ ಮಾನದಂಡ ವಿದ್ಯಾರ್ಥಿಗಳ ಪ್ರಗತಿಗೆ ಸಂಬಂಧಿಸಿದ್ದು. ಎಷ್ಟು ಮಂದಿಗೆ ಉದ್ಯೋಗ ಸಿಕ್ಕಿತು, ಎಷ್ಟು ಮಂದಿ ಉನ್ನತ ವ್ಯಾಸಂಗಕ್ಕೆ ಹೋದರು, ಎಷ್ಟು ಮಂದಿ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಉತ್ತೀರ್ಣರಾದರು, ಹಳೆಯ ವಿದ್ಯಾರ್ಥಿಗಳ ಸಂಘ ನೋಂದಣಿಯಾಗಿದೆಯೇ, ಅದು ಸಂಸ್ಥೆಗೆ ಏನು ನೆರವು ನೀಡಿದೆ ಎಂಬವೆಲ್ಲ ಅಲ್ಲಿ ಬರುತ್ತವೆ. ಸಂಸ್ಥೆಯೊಂದನ್ನು ಅಳೆಯುವವರು ಇವನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ನನ್ನ ತಕರಾರು ನಮ್ಮ ಬಗ್ಗೆಯೇ. ಕಟ್ಟಡದ ಗುಣಮಟ್ಟ ನೋಡಲು ಬಂದ ಎಂಜಿನಿಯರನ ಟೇಪನ್ನು ಇಸಿದುಕೊಂಡು, ಆ ಕಟ್ಟಡದಲ್ಲಿ ಜೊತೆಗೆ ಬಾಳಿದವರನ್ನು ನಾವು ಅಳೆಯತೊಡಗಿದ್ದೇವೆ. ಹಾಗೆ ನೋಡಿದರೆ ವಿಶ್ವವಿದ್ಯಾಲಯ ತಾನಾಗಿ ದಾಖಲಿಸಿಕೊಳ್ಳುವ ಮೈಲಿಗಲ್ಲು ಘಟಿಕೋತ್ಸವ ಒಂದೇ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ಮೊದಲ ಘಟಿಕೋತ್ಸವ 1918ರ ಅಕ್ಟೋಬರ್ 19ರಂದು ನಡೆಯಿತು, ಭಾಷಣ ಮಾಡಿದವರು ಅಶುತೋಷ್ ಮುಖರ್ಜಿ. ಶತಮಾನದ ಘಟಿಕೋತ್ಸವವೂ ಅದೇ ಅಕ್ಟೋಬರ್ 19ರಂದು, 2020ರಲ್ಲಿ, ಕೋವಿಡ್ ನಡುವೆ ನಡೆಯಿತು. ಆ ದಿನ ಹೆಸರು ಓದಿಸಿಕೊಂಡು ಪ್ರಮಾಣಪತ್ರ ಹಿಡಿದು ಹೊರಬಂದವರು ಆಮೇಲೆ ಏನಾದರು ಎಂಬುದನ್ನು ಬರೆದಿಡಬೇಕಾದವರು ಜೊತೆಯಲ್ಲಿ ಓದಿದವರೇ.

ನಮ್ಮ ಸಂಚಿಕೆಯ ಮೊದಲ ಪುಟಗಳಲ್ಲಿ ವಿಶ್ವವಿದ್ಯಾಲಯದ ಹೆಸರಾಂತ ಹಳೆಯ ವಿದ್ಯಾರ್ಥಿಗಳ ಭಾವಚಿತ್ರ ಹಾಕಬೇಕೆಂಬ ಸಲಹೆ ಬಂದಿತ್ತು. ಅದಕ್ಕಾಗಿ ಹುಡುಕುತ್ತ ಕುಳಿತಾಗ, ಈ ಫಾರಂ ಅವರ ಕೈಗೇ ಹೋಗಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಬಂತು. ಆರ್.ಕೆ. ನಾರಾಯಣ್ ಅವರನ್ನೇ ತೆಗೆದುಕೊಳ್ಳಿ. ಕಾಲೇಜು ಸೇರಲು ಬರೆಯಬೇಕಿದ್ದ ಪರೀಕ್ಷೆಯಲ್ಲಿ ಅವರು ನಪಾಸಾಗಿ ಒಂದು ವರ್ಷ ಮನೆಯಲ್ಲಿ ಪುಸ್ತಕ ಓದುತ್ತ ಕಳೆದರು. ಬಳಿಕ ಮಹಾರಾಜಾ ಕಾಲೇಜು ಸೇರಿ, ಬಿ.ಎ. ಮುಗಿಸಲು ಎಲ್ಲರಿಗಿಂತ ಒಂದು ವರ್ಷ ಹೆಚ್ಚು ತೆಗೆದುಕೊಂಡು 1930ರಲ್ಲಿ ಪದವೀಧರರಾದರು. ಶಿಕ್ಷಕ ವೃತ್ತಿಗೆ ಸೇರಿದವರು ಬಹು ಬೇಗ ಬಿಟ್ಟು ಬಂದರು, ಮದರಾಸಿನ ಪತ್ರಿಕೆಯೊಂದಕ್ಕೆ ಮೈಸೂರಿನ ವರದಿ ಕಳಿಸಿದರು, ಪ್ರಕಾಶಕರು ಹಿಂದಿರುಗಿಸುತ್ತಿದ್ದ ಹಸ್ತಪ್ರತಿಯನ್ನು ಮತ್ತೆ ಮತ್ತೆ ಹೊರಗೆ ಕಳಿಸಿದರು. 1934ರಲ್ಲಿ ನಮ್ಮಂಥ ಯಾರಾದರೂ ಅವರಿಗೆ ಫಾರಂ ಕಳಿಸಿದ್ದರೆ ‘ಹುದ್ದೆ’ಯ ಎದುರು ಅವರು ಅಡ್ಡಗೆರೆ ಎಳೆಯಬೇಕಾಗುತ್ತಿತ್ತು. ಮೊದಲ ಕಾದಂಬರಿ ಪ್ರಕಟವಾದದ್ದು ಮರುವರ್ಷ, 1935ರಲ್ಲಿ. 1939ರಲ್ಲಿ ಟೈಫಾಯ್ಡ್‌ಗೆ ಹೆಂಡತಿ ತೀರಿಕೊಂಡರು. ಆ ಸಾವು ಅವರ ಬರವಣಿಗೆಯ ದಾರಿಯನ್ನೇ ತಿರುಗಿಸಿತು, 1945ರ ಕಾದಂಬರಿ ಹುಟ್ಟಿದ್ದು ಆ ದುಃಖದಿಂದ. ಫಾರಂನಲ್ಲಿ ‘ಸಂಗಾತಿ’ ಎಂಬ ಕಾಲಂ ಇದೆ, ಸಂಗಾತಿ ಇಲ್ಲವಾದದ್ದನ್ನು ಬರೆಯಲು ಜಾಗವಿಲ್ಲ. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಸಂಚಿಕೆಗಳು ಅಲ್ಲಿಂದ ಬರೆಯಲು ಶುರುಮಾಡುತ್ತವೆ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ವಿಷಯವೂ ಹೀಗೆಯೇ. ಮೈಸೂರಿನಲ್ಲಿ ಆನರ್ಸ್ ಮುಗಿಸಿ, ಮುಂಬೈಗೂ ಆಕ್ಸ್‌ಫರ್ಡ್‌ಗೂ ಹೋದದ್ದನ್ನು ಎಲ್ಲರೂ ಬರೆಯುತ್ತಾರೆ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿದ್ದು ಅವರು ಮಾಡಿಕೊಂಡಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸುಟ್ಟವು. ಅವರು ನೆನಪಿನಿಂದಲೇ ಆ ಹಳ್ಳಿಯ ಪುಸ್ತಕವನ್ನು ಬರೆದರು, 1976ರಲ್ಲಿ ಅದು ಬಂತು. ಅವರ ಬದುಕಿನ ಮೈಲಿಗಲ್ಲು ಆಕ್ಸ್‌ಫರ್ಡೋ ಆ ಬೂದಿಯೋ ಎಂದು ಕೇಳಿದರೆ ನಾನಂತೂ ಬೂದಿ ಎನ್ನುತ್ತೇನೆ. ಅದೇ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದ ತ್ರಿವೇಣಿಯವರು ಯಾವ ದೊಡ್ಡ ಹುದ್ದೆಯನ್ನೂ ಹಿಡಿಯದೆ, ಆ ಓದನ್ನು ಕಾದಂಬರಿಗಳಲ್ಲಿ ಕರಗಿಸಿ ಕನ್ನಡದ ಸಾವಿರಾರು ಮನೆಗಳಿಗೆ ಮನೋವ್ಯಾಧಿಯ ಬಗ್ಗೆ ಮರುಕದ ಭಾಷೆಯನ್ನು ಕೊಟ್ಟು, 35 ತುಂಬುವ ಮೊದಲೇ 1963ರಲ್ಲಿ ಹೋಗಿಬಿಟ್ಟರು. ಅವರ ತರಗತಿಯವರು ಬೆಳ್ಳಿಹಬ್ಬ ಆಚರಿಸಿದ್ದರೆ ಅಲ್ಲಿಗೆ ಬರಲು ಅವರೇ ಇರುತ್ತಿರಲಿಲ್ಲ.

ತ್ರಿವೇಣಿಯವರ ಹೆಸರೆತ್ತಿದ ಮೇಲೆ ನಮ್ಮ ತರಗತಿಯ ಹೆಣ್ಣುಮಕ್ಕಳ ವಿಷಯಕ್ಕೆ ಬರಬೇಕು. 42ರಲ್ಲಿ ಅವರು 16 ಮಂದಿ. ಹುಡುಗರನ್ನು ಹುಡುಕುವುದು ಒಂದು ವಾರದ ಕೆಲಸವಾಗಿತ್ತು, ಇವರಲ್ಲಿ ಒಂಬತ್ತು ಮಂದಿಯ ಸುಳಿವೇ ಸಿಗಲಿಲ್ಲ. ನಮ್ಮ ಸೀಮೆಯಲ್ಲಿ ಹೆಸರಿನ ಹಿಂದೆ ಊರಿನದೋ ತಂದೆಯದೋ ಒಂದೆರಡು ಇನಿಷಿಯಲ್ ಇರುತ್ತದೆ. ಅಂಕಪಟ್ಟಿಯಲ್ಲಿ ಅದೇ ಹೆಸರು. ಮದುವೆಯಾದ ಮೇಲೆ ಇನಿಷಿಯಲ್ ಹೋಗಿ ಗಂಡನ ಹೆಸರು ಸೇರುತ್ತದೆ, ಕೆಲವರಿಗೆ ಗಂಡನ ಮನೆಯವರು ಮೊದಲ ಹೆಸರನ್ನೇ ಬದಲಿಸಿದ್ದೂ ಉಂಟು. ಫೇಸ್‌ಬುಕ್ಕಿನಲ್ಲಿ ಹುಡುಕಿದರೆ ಹಳೆಯ ಹೆಸರಿನ ಹತ್ತಾರು ಅಪರಿಚಿತೆಯರು ಬರುತ್ತಾರೆ, ನಮ್ಮವರು ಬರುವುದಿಲ್ಲ. ಕೊನೆಗೆ ಒಬ್ಬರ ತವರಿನ ಕಿರಾಣಿ ಅಂಗಡಿಗೆ, ಇನ್ನೊಬ್ಬರ ಅಣ್ಣ ಕೆಲಸ ಮಾಡುವ ಹಾಲಿನ ಡೇರಿಗೆ ಫೋನ್ ಹಚ್ಚಿ ಆರು ಮಂದಿಯನ್ನು ಪತ್ತೆಮಾಡಿದೆವು. ಅವರಲ್ಲೊಬ್ಬರು ಫಾರಂ ನೋಡಿ, “ಸರ್, ಇದರಲ್ಲಿ ನಮ್ಮ ಯಜಮಾನರ ಕೆಲಸ, ಮಕ್ಕಳ ಓದು ಎಲ್ಲ ಕೇಳಿದ್ದೀರಿ. ಅವೆರಡನ್ನೇ ತುಂಬಿ ಕಳಿಸಲಾ?” ಎಂದರು. ವ್ಯಂಗ್ಯವಾಗಿ ಅಲ್ಲ, ನಿಜವಾಗಿಯೇ ಕೇಳಿದರು. ಒಟ್ಟಿಗೆ ಕ್ಯಾಂಟೀನಿನಲ್ಲಿ ಕೂತು ಚಹಾ ಕುಡಿದವಳು ನನ್ನನ್ನು ಸರ್ ಎಂದು ಕರೆದದ್ದು ನನಗೆ ಅದಕ್ಕಿಂತ ಹೆಚ್ಚು ನೋವು ತಂದಿತು.

ಮದುವೆಯೂ ವೃತ್ತಿಯೂ ಒಂದನ್ನೊಂದು ನುಂಗದೆ ಸಾಗಿದ ನಿದರ್ಶನಗಳು ಇಲ್ಲವೆಂದಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಮೈಸೂರು ವಿಶ್ವವಿದ್ಯಾಲಯದ ಪದವಿ ಪಡೆದ ರಾಜೇಶ್ವರಿ ಚಟರ್ಜಿಯವರು, ವಿದ್ಯಾರ್ಥಿವೇತನದ ನೆರವಿನಿಂದ ಮಿಷಿಗನ್‌ಗೆ ಹೋಗಿ ಡಾಕ್ಟರೇಟ್ ಮುಗಿಸಿ ಹಿಂದಿರುಗಿದ್ದು 1953ರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿ ಸೇರಿದ್ದೂ, ಅಲ್ಲಿಯ ಸಹೋದ್ಯೋಗಿಯನ್ನು ಮದುವೆಯಾದದ್ದೂ ಅದೇ ವರ್ಷ. ಆಕೆಯ ಅಜ್ಜಿಯೇ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು ಎಂಬುದನ್ನು ಮರೆಯಬಾರದು. ಮನೆಯಲ್ಲಿ ಎರಡು ತಲೆಮಾರಿನ ಓದು ಬೆನ್ನಿಗಿತ್ತು. ನಮ್ಮ ತರಗತಿಯ 16 ಮಂದಿಯಲ್ಲಿ ಹೆಚ್ಚಿನವರು ತಂತಮ್ಮ ಮನೆಯಲ್ಲಿ ಹೈಸ್ಕೂಲು ದಾಟಿದ ಮೊದಲ ಹೆಣ್ಣುಗಳು. ಅವರ ಎಂ.ಎ. ಪದವಿಯೇ ಮೈಲಿಗಲ್ಲು. ಅದರ ಮುಂದಿನದನ್ನು ಅವರ ಹೆಣ್ಣುಮಕ್ಕಳ ಲೆಕ್ಕದಲ್ಲಿ ಬರೆಯಬೇಕಾಗಬಹುದು.

ಇನ್ನು ಹಳೆಯ ವಿದ್ಯಾರ್ಥಿ ಎಂದರೆ ಯಾರು ಎಂಬುದೂ ನಾವು ತಿಳಿದಷ್ಟು ಸರಳವಲ್ಲ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಆಗುವ ತನಕ ಹಳೆ ಮೈಸೂರಿನ ಅಷ್ಟೂ ಕಾಲೇಜುಗಳಿಗೆ ಮೈಸೂರೇ ವಿಶ್ವವಿದ್ಯಾಲಯ. ಸಿ.ಎನ್.ಆರ್. ರಾವ್ ಅವರು 1951ರಲ್ಲಿ, ಹದಿನೇಳರ ಹರೆಯದಲ್ಲಿ ಪಡೆದ ಬಿ.ಎಸ್ಸಿ. ಪದವಿ ಮೈಸೂರಿನದು, ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಈಗ ಎರಡೂ ಊರಿನವರು ಅವರನ್ನು ನಮ್ಮವರೆಂದು ಹೇಳಿಕೊಳ್ಳಬಹುದು, ಭಾರತರತ್ನ ಬಂದವರ ವಿಷಯದಲ್ಲಿ ಇಂಥ ಹಕ್ಕೊತ್ತಾಯ ಸಹಜವೇ. ಆದರೆ ಮಂಡ್ಯದಲ್ಲೋ ಹಾಸನದಲ್ಲೋ ಸಂಯೋಜಿತ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಅಂಕಪಟ್ಟಿಯ ತಿದ್ದುಪಡಿಗೆಂದು ಒಮ್ಮೆ ಮಾತ್ರ ವಿಶ್ವವಿದ್ಯಾಲಯದ ಆಡಳಿತ ಕಚೇರಿಯಾದ ಕ್ರಾಫರ್ಡ್ ಭವನದ ಮೆಟ್ಟಿಲು ಹತ್ತಿದವರನ್ನು ಯಾವ ಸಂಘವೂ ತನ್ನವರೆಂದು ಹೇಳುವುದಿಲ್ಲ. ಪದವಿಪತ್ರದಲ್ಲಿ ಇಬ್ಬರಿಗೂ ಇರುವುದು ಒಂದೇ ಗಂಡಭೇರುಂಡ.

ಇಷ್ಟೆಲ್ಲ ಆದ ಮೇಲೆ ನಾನು ಫಾರಂ ಕೈಬಿಟ್ಟೆ. ಅಮೆರಿಕದ ಹಾರ್ವರ್ಡ್‌ನಲ್ಲಿ ಪ್ರತಿಯೊಂದು ತರಗತಿಯವರೂ ಐದು ವರ್ಷಕ್ಕೊಮ್ಮೆ ಕೆಂಪು ರಟ್ಟಿನ ಪುಸ್ತಕವೊಂದನ್ನು ತರುತ್ತಾರೆ. ಅದರಲ್ಲಿ ಅವರವರ ಬದುಕನ್ನು ಅವರವರೇ ಬರೆಯುತ್ತಾರೆ, ಬಡ್ತಿಯ ಜೊತೆಗೆ ವಿಚ್ಛೇದನವನ್ನೂ ಕಾಯಿಲೆಯನ್ನೂ ಬರೆಯುವವರಿದ್ದಾರೆ. ಅವರ ಶ್ರೀಮಂತಿಕೆ ನಮಗೆ ಬೇಡ, ಒಬ್ಬರಿಗೆ ಒಂದು ಪುಟ ಎಂಬ ಪದ್ಧತಿ ಸಾಕು. ಎಲ್ಲರಿಗೂ ಒಂದೊಂದು ಖಾಲಿ ಹಾಳೆಯನ್ನು ಅಂಚೆಯಲ್ಲಿ ಕಳಿಸಿ, ‘2000ದಿಂದೀಚೆಗೆ ನಿಮ್ಮ ಬದುಕು ದಿಕ್ಕು ಬದಲಿಸಿದ ಒಂದು ವರ್ಷದ ಬಗ್ಗೆ ಬರೆಯಿರಿ’ ಎಂದು ಕೇಳಿಕೊಂಡೆ.

ಗುಂಪಿನಲ್ಲಿ ಆಕ್ಷೇಪ ಬಂತು. ಈಗ ದೊಡ್ಡ ಅಧಿಕಾರಿಯಾಗಿರುವ ಗೆಳೆಯರೊಬ್ಬರು, ಇದು ಕಿರಿಯರಿಗೆ ಸ್ಫೂರ್ತಿ ಕೊಡಬೇಕಾದ ಸಂಚಿಕೆ, ಗೋಳಿನ ಕಥೆ ಯಾಕೆ ಎಂದು ಕೇಳಿದರು. ಅವರ ಮಾತನ್ನು ಸುಲಭವಾಗಿ ತಳ್ಳಿಹಾಕಲಾರೆ, ಏಕೆಂದರೆ ಹಳ್ಳಿಯಿಂದ ಬಂದ ಹುಡುಗನಿಗೆ ತನ್ನಂಥವನೇ ಒಬ್ಬ ಕೆಎಎಸ್ ಪಾಸಾದನೆಂಬ ಸುದ್ದಿ ಎಷ್ಟು ದೊಡ್ಡದೆಂದು ನನಗೂ ಗೊತ್ತು, ಅಂಥ ಸುದ್ದಿಯನ್ನು ಹಾಸ್ಟೆಲಿನ ಗೋಡೆಗೆ ಅಂಟಿಸಿಕೊಂಡು ಓದಿದವನು ನಾನು. ಆದರೆ ಅದೇ ಹುಡುಗ ಅಧ್ಯಾಪಕನಾಗಲು ಬೇಕಾದ ಅರ್ಹತಾ ಪರೀಕ್ಷೆ ಕೆಸೆಟ್‌ನಲ್ಲಿ ಮೂರನೇ ಬಾರಿ ಎರಡು ಅಂಕದಿಂದ ತಪ್ಪಿಸಿಕೊಂಡ ರಾತ್ರಿ ಯಾರ ಕಥೆ ಓದಬೇಕು? ಪಾಸಾದವರ ಪಟ್ಟಿ ಆ ರಾತ್ರಿ ಅವನಿಗೆ ಏನೂ ಹೇಳಲಾರದು. ವಿಚಿತ್ರವೆಂದರೆ, ಆಕ್ಷೇಪಿಸಿದ ಅಧಿಕಾರಿ ಗೆಳೆಯರ ಹಾಳೆಯೇ ಮೊದಲು ಬಂದದ್ದು. ಅದರಲ್ಲಿ ಹುದ್ದೆಯ ಮಾತೇ ಇಲ್ಲ. ಸೇವೆಗೆ ಸೇರಿದ ವರ್ಷವೇ ಹಾಸಿಗೆ ಹಿಡಿದ ತಾಯಿಯನ್ನು, ವರ್ಗಾವಣೆಯಾದ ಊರೂರಿಗೂ ಜೊತೆಯಲ್ಲಿ ಒಯ್ದದ್ದನ್ನು ಬರೆದಿದ್ದಾರೆ. ಸರ್ ಎಂದು ಕರೆದ ಗೆಳತಿ ಮೂರೂವರೆ ಸಾಲು ಬರೆದಿದ್ದಾಳೆ: 2011ರಲ್ಲಿ ಸ್ಕೂಟರ್ ಕಲಿತೆ, ಅಲ್ಲಿಂದ ಯಾರನ್ನೂ ಕಾಯುವುದು ತಪ್ಪಿತು ಎಂದು. ರ‍್ಯಾಂಕ್ ಬಂದ ಗೆಳೆಯ ಹಾಳೆಯ ಎರಡೂ ಬದಿ ತುಂಬಿಸಿ, ಜಾಗ ಸಾಲದೆ ಇನ್ನೊಂದು ಹಾಳೆ ಸೇರಿಸಿದ್ದಾನೆ.

ಈವರೆಗೆ 29 ಹಾಳೆಗಳು ಬಂದಿವೆ. ಎಂಟು ಮಂದಿ ಇವತ್ತು ನಾಳೆ ಎನ್ನುತ್ತಿದ್ದಾರೆ. ಮೂವರು ಹೆಣ್ಣುಮಕ್ಕಳು ಇನ್ನೂ ಸಿಕ್ಕಿಲ್ಲ. ಇಬ್ಬರು ತೀರಿಕೊಂಡಿದ್ದಾರೆ, ಒಬ್ಬ ರಸ್ತೆ ಅಪಘಾತದಲ್ಲಿ, ಮತ್ತೊಬ್ಬ ಕೋವಿಡ್‌ನ ಎರಡನೇ ಅಲೆಯಲ್ಲಿ. ಅವರ ಪುಟಗಳನ್ನು ಖಾಲಿ ಬಿಡುವುದು ಬೇಡವೆಂದು ಎಲ್ಲರೂ ಒಪ್ಪಿದ್ದೇವೆ. ಮನೆಯವರಿಂದ ಬರೆಸುವುದೋ, ಅವರ ರೂಮಿನಲ್ಲಿದ್ದವರು ಬರೆಯುವುದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.